ಗಿರಾಕಿಗಳ ಪಟ್ಟಿ ಯಾರ ಕೈಯಲ್ಲಿದೆ? ಸಣ್ಣ ವ್ಯಾಪಾರಕ್ಕೆ ಇಮೇಲ್ ವೇದಿಕೆ ಆರಿಸೋದು ಹೇಗೆ

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಸ್ತೆಯ ಮೇಲಿರುವ ಊರುಗಳು. ರಾಷ್ಟ್ರೀಯ ಹೆದ್ದಾರಿ 150ಎ ಈ ಮೂರನ್ನೂ ಪೋಣಿಸಿದೆ. ರಸ್ತೆಯುದ್ದಕ್ಕೂ ಅಕ್ಕಿ ಗಿರಣಿ, ಬೀಜ-ಗೊಬ್ಬರದ ಅಂಗಡಿ, ದಲಾಲಿ ಅಂಗಡಿ, ಟ್ರ್ಯಾಕ್ಟರ್ ಷೋರೂಮು, ಕೋಚಿಂಗ್ ಸೆಂಟರು ಸಿಗ್ತವೆ. ಈ ವ್ಯಾಪಾರಸ್ಥರಿಗೆ ಲೆಕ್ಕಪತ್ರ, ವೆಬ್‌ಸೈಟ್ ಕೆಲಸ ಮಾಡಿಕೊಡೋದು ನನ್ನ ಕಸುಬು. ಈಗೀಗ ಅವರು ಕೇಳುವ ಪ್ರಶ್ನೆ ಒಂದೇ: "ಗಿರಾಕಿಗಳಿಗೆ ಒಟ್ಟಿಗೆ ಇಮೇಲ್ ಕಳಿಸಬೇಕ್ರಿ, ಯಾವ ಕಂಪನಿದು ಚಲೋ ಐತಿ?"

ಕೇಳೋದು ಅಪ್ಪ, ಕಾಕಾ ಆದರೂ ಕೊನೆಗೆ ಈ ಕೆಲಸ ಬೀಳೋದು ಮನೆಯಲ್ಲಿ ಓದಿದ ಹುಡುಗ-ಹುಡುಗಿಯರ ಮೇಲೆ. ಅಂದರೆ ಇದನ್ನು ಓದುತ್ತಿರುವ ನಿಮ್ಮ ಮೇಲೆ. ಹಾಗಾಗಿ ಉತ್ತರವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಹೇಳಿಬಿಡ್ತೀನಿ, "ಯಾವುದು ಚಲೋ" ಅನ್ನೋದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ: ನಾಳೆ ಆ ಕಂಪನಿಯನ್ನು ಬಿಟ್ಟು ಹೊರಟರೆ, ಗಿರಾಕಿಗಳ ಪಟ್ಟಿ ನಿಮ್ಮ ಜೊತೆ ಬರ್ತದಾ? ಉದ್ರಿ ಪುಸ್ತಕವನ್ನು ಯಾರೂ ಪಕ್ಕದ ಅಂಗಡಿಯ ಕಪಾಟಿನಲ್ಲಿ ಇಡಲ್ಲ. ಗಿರಾಕಿಗಳ ಪಟ್ಟಿಯೂ ಅದೇ ತೂಕದ ವಸ್ತು.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲರಿಗೂ ಇಮೇಲ್ ಬೇಕಾಗಿಲ್ಲ. ಮಸ್ಕಿಯ ಗೊಬ್ಬರದ ಅಂಗಡಿಗೆ ಬರುವ ರೈತ ಇಮೇಲ್ ತೆಗೆದು ದರ ನೋಡುವುದಿಲ್ಲ. ಆಂಡ್ರಾಯ್ಡ್ ಫೋನು ಇದ್ದವರ ಬಳಿ ಸಾಮಾನ್ಯವಾಗಿ ಒಂದು ಜಿಮೇಲ್ ವಿಳಾಸ ಇದ್ದೇ ಇರ್ತದೆ, ನಿಜ. ಆದರೆ ಅದನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿರ್ತಾನೆ, ಪಾಸ್‌ವರ್ಡ್ ಮರೆತುಹೋಗಿರ್ತದೆ. ಅಲ್ಲಿ ಫೋನು, ಅಂಗಡಿ ಮುಂದಿನ ಬೋರ್ಡು ಇವೇ ಸಾಕು.

ಇಮೇಲ್ ನಿಜವಾಗಿ ಕೆಲಸ ಮಾಡೋದು ನಾಲ್ಕು ಕಡೆ. ಒಂದು, ಹೊರಗಿನ ಊರುಗಳ ಸಗಟು ವ್ಯಾಪಾರಿಗಳಿಗೆ ಅಕ್ಕಿ ಮಾರುವ ಸಿಂಧನೂರಿನ ಗಿರಣಿಗಳಿಗೆ. ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿಗೆ ಗಿರಾಕಿ ಇರೋದು ಈ ಜಿಲ್ಲೆಯಲ್ಲಿ ಮಾತ್ರ ಅಲ್ಲ. ಎರಡು, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರವಾಗಿ ಮೂಟೆ ಕಳಿಸಲು ಹೊರಟವರಿಗೆ. ಮೂರು, ಕೋಚಿಂಗ್ ಸೆಂಟರುಗಳಿಗೆ. ನೇಮಕಾತಿ ಅರ್ಜಿ ಹಾಕುವ ಅಭ್ಯರ್ಥಿಗಳಿಗೆ ಇಮೇಲ್ ನೋಡುವ ಅಭ್ಯಾಸ ಆಗಿರ್ತದೆ. ನಾಲ್ಕು, ಸಂಬಳದ ಗಿರಾಕಿಗಳಿರುವ ಕಡೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿನ ನೌಕರರಿಗೆ ವಿಮೆ, ಪ್ರವಾಸ, ಗೃಹೋಪಯೋಗಿ ವಸ್ತು ಮಾರುವವರಿಗೆ ಇಮೇಲ್ ಒಳ್ಳೆಯ ದಾರಿ.

ನಿಮ್ಮ ವ್ಯಾಪಾರ ಈ ನಾಲ್ಕರ ಹತ್ತಿರಕ್ಕೂ ಬರದಿದ್ದರೆ ದುಡ್ಡು ಉಳಿಸಿಕೊಳ್ಳಿ.

ವಾಟ್ಸಾಪ್ ಇದೆಯಲ್ಲ?

ಇದೆ. ಬಿಡಬೇಕಾಗಿಯೂ ಇಲ್ಲ. ಆದರೆ ಅದು ಬಾಡಿಗೆ ಮನೆ. ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಿಗಿಂತ ಹೆಚ್ಚು ಸೇರಿಸಲಾಗದು. ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರದಿದ್ದರೆ ಸಂದೇಶ ತಲುಪೋದೂ ಇಲ್ಲ. ದೊಡ್ಡ ಪ್ರಮಾಣದಲ್ಲಿ ಕಳಿಸಬೇಕೆಂದರೆ ಪ್ರತಿ ಮಾರಾಟದ ಸಂದೇಶಕ್ಕೂ ಮೆಟಾ ಕಂಪನಿಗೆ ದುಡ್ಡು ಕಟ್ಟಬೇಕು. ಎಸ್‌ಎಂಎಸ್‌ಗೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಆಗಬೇಕು, ಸಂದೇಶದ ಮಾದರಿಗೂ ಮೊದಲೇ ಒಪ್ಪಿಗೆ ಪಡೆಯಬೇಕು. ಮೇಲಾಗಿ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಯುವ ಒಂದು ಎಸ್‌ಎಂಎಸ್ ಕನ್ನಡದಲ್ಲಿ 70ಕ್ಕೇ ತುಂಬಿಹೋಗ್ತದೆ. ಅದರಲ್ಲೂ ಒತ್ತು, ಗುಣಿತಗಳನ್ನು ಬೇರೆ ಬೇರೆಯಾಗಿ ಎಣಿಸ್ತಾರೆ.

ಬಾಡಿಗೆ ಮನೆಯ ಕಷ್ಟ ಏನು ಅಂತ 2020ರ ಜೂನ್ 29ರಂದು ಬಹಳ ಜನಕ್ಕೆ ಗೊತ್ತಾಯ್ತು. ಅಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಲಕ್ಷಗಟ್ಟಲೆ ಹಿಂಬಾಲಕರನ್ನು ಕೂಡಿಸಿದ್ದವರ ಕೈಯಲ್ಲಿ ಅವರಲ್ಲಿ ಒಬ್ಬರ ವಿಳಾಸವೂ ಉಳಿಯಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಸುಮಾರು ಆರು ಗಂಟೆ ಒಟ್ಟಿಗೇ ನಿಂತುಹೋದವು. ಮೂರೂ ಒಂದೇ ಮಾಲೀಕನವು.

ಇಮೇಲ್‌ಗೆ ಅಂಥ ಒಬ್ಬ ಮಾಲೀಕ ಇಲ್ಲ. ಅದು ನಡೆಯೋದು 1982ರಲ್ಲಿ ಪ್ರಕಟವಾದ, ಯಾರು ಬೇಕಾದರೂ ಬಳಸಬಹುದಾದ ಎಸ್‌ಎಂಟಿಪಿ ಎಂಬ ಮುಕ್ತ ನಿಯಮದ ಮೇಲೆ. ಕಳಿಸುವ ಕಂಪನಿ ಬದಲಾದರೂ ಗಿರಾಕಿಯ ವಿಳಾಸ ಬದಲಾಗಲ್ಲ. ಇಮೇಲ್‌ನ ದೊಡ್ಡ ಬಲ ಇದೇ. ವೇದಿಕೆ ಆರಿಸುವಾಗ ಈ ಬಲವನ್ನು ಕಳೆದುಕೊಳ್ಳಬಾರದು.

ಪಟ್ಟಿ ಮೊದಲು, ವೇದಿಕೆ ಆಮೇಲೆ

ಸಾಮಾನ್ಯ ಜಿಮೇಲ್‌ನಿಂದಲೇ ಎಲ್ಲರಿಗೂ ಕಳಿಸಿದರೆ ಆಗಲ್ವಾ ಅಂತ ಕೇಳ್ತಾರೆ. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500ರ ಮಿತಿ ಇದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಎಲ್ಲರ ವಿಳಾಸವನ್ನೂ ಒಂದೇ ಸಾಲಿನಲ್ಲಿ ಹಾಕಿ ಕಳಿಸಿದಾಗ ಒಬ್ಬ ಗಿರಾಕಿಯ ವಿಳಾಸ ಉಳಿದವರಿಗೆಲ್ಲ ಗೊತ್ತಾಗ್ತದೆ. ನಿಮ್ಮ ಪೈಪೋಟಿಯ ಗಿರಣಿಯವರಿಗೂ ಗೊತ್ತಾಗಬಹುದು.

ಪಟ್ಟಿ ಮಾಡುವಾಗ ಒಪ್ಪಿಗೆ ಕೇಳಿ. ಇದು ಸೌಜನ್ಯ ಮಾತ್ರ ಅಲ್ಲ, ಕಾನೂನು ಕೂಡ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ, ತಿಳಿವಳಿಕೆ ಪತ್ರದಂಥ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಸರ್ಕಾರಿ ಸಂಸ್ಥೆಗಳಿಗೆ ವಿನಾಯ್ತಿ ಕೊಡಲು ಇದರಲ್ಲಿ ಅವಕಾಶ ಇಟ್ಟಿದ್ದಾರೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿದ್ದಾರೆ ಎಂಬ ಗಂಭೀರ ತಕರಾರುಗಳಿವೆ, ಅವು ನ್ಯಾಯವೂ ಹೌದು. ಆದರೆ ಅಂಗಡಿಯವರ ಮಟ್ಟಿಗೆ ಮೂರು ಒಳ್ಳೆಯ ಮಾತುಗಳು ಅದರಲ್ಲಿವೆ: ಯಾವ ಉದ್ದೇಶಕ್ಕೆ ವಿವರ ಪಡೆದಿರೋ ಆ ಉದ್ದೇಶಕ್ಕೇ ಬಳಸಬೇಕು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭ ಇರಬೇಕು, ತಿಳಿವಳಿಕೆಯನ್ನು ಇಂಗ್ಲಿಷಿನಲ್ಲೋ ಎಂಟನೇ ಪರಿಚ್ಛೇದದ ಭಾಷೆಯಲ್ಲೋ ಓದುವ ಆಯ್ಕೆ ಜನರಿಗೆ ಇರಬೇಕು. ಆ ಭಾಷೆಗಳಲ್ಲಿ ಕನ್ನಡವೂ ಇದೆ.

ಬಿಲ್ಲಿಂಗ್ ಮೇಜಿನ ಮೇಲೆ ಒಂದು ವಹಿ ಇಡಿ. ಮೇಲೆ ಹೀಗೆ ಬರೆದರೆ ಸಾಕು: "ಹೊಸ ಅಕ್ಕಿ ಬಂದಾಗ, ದರ ಬದಲಾದಾಗ ನಿಮಗೆ ಇಮೇಲ್ ಕಳಿಸುತ್ತೇವೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕಳಿಸುವುದಿಲ್ಲ. ಬೇಡ ಅನ್ನಿಸಿದರೆ ಮೇಲ್‌ನ ಕೊನೆಯಲ್ಲಿರುವ ಕೊಂಡಿ ಒತ್ತಿ." ಹೆಸರು, ವಿಳಾಸ, ತಾರೀಖು ಬರೆಸಿಕೊಳ್ಳಿ. ತಾರೀಖು ಮರೆಯಬೇಡಿ, ಒಪ್ಪಿಗೆಗೆ ಅದೇ ಸಾಕ್ಷಿ.

ಇನ್ನೊಂದು ಮಾತು, ರಾಜಕೀಯದಲ್ಲಿ ಆಸಕ್ತಿ ಇರುವ ನಿಮಗೇ ಹೇಳಬೇಕಾದದ್ದು. ಚುನಾವಣೆ ಬಂದಾಗ ನಿಮ್ಮ ಪಕ್ಷದವರೋ, ಎದುರು ಪಕ್ಷದವರೋ "ನಿಮ್ಮ ಗಿರಾಕಿಗಳ ಪಟ್ಟಿ ಒಂದು ಕೊಡ್ರಲ್ಲ" ಅಂತ ಕೇಳಬಹುದು. ಅಕ್ಕಿಯ ದರ ತಿಳಿಯಲು ವಿಳಾಸ ಕೊಟ್ಟವರು ಮತಯಾಚನೆಗೆ ಒಪ್ಪಿಗೆ ಕೊಟ್ಟಿಲ್ಲ. ಕೇಳುವವರು ನಿಮ್ಮ ಆತ್ಮೀಯರೇ ಇರಲಿ, ಕೊಡಬೇಡಿ.

ಕಳಿಸಿದವರು ಯಾರು? ಮಸ್ಕಿಯ ಬಂಡೆ ಹೇಳುವ ಪಾಠ

1915ರಲ್ಲಿ ಮಸ್ಕಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಒಂದು ಶಾಸನ ಪತ್ತೆ ಮಾಡಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಎಂಬ ಬಿರುದು ಇತ್ತು, ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ "ಅಶೋಕ" ಎಂಬ ಹೆಸರೇ ಇತ್ತು. ಆ ಬಿರುದು ಯಾರದು ಎಂಬ ಅನುಮಾನ ಅಲ್ಲಿಗೆ ತೀರಿತು.

ಇಮೇಲ್‌ಗೂ ಇದೇ ಸಮಸ್ಯೆ. ಹೆಸರು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕಳಿಸಿದವರು ನಿಜಕ್ಕೂ ಅವರೇನಾ ಅಂತ ತೋರಿಸಲು ಮೂರು ಗುರುತುಗಳಿವೆ: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಮೊದಲನೆಯದು, ನಿಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗಳಿಗೆ ಅಧಿಕಾರ ಇದೆ ಅಂತ ಹೇಳ್ತದೆ. ಎರಡನೆಯದು ಮೇಲ್‌ಗೆ ಮುದ್ರೆ ಒತ್ತುತ್ತದೆ. ಮೂರನೆಯದು, ಗುರುತು ಹೊಂದದ ಮೇಲ್ ಬಂದರೆ ಏನು ಮಾಡಬೇಕು ಅಂತ ತಿಳಿಸ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಇದನ್ನು ಬಿಗಿ ಮಾಡಿದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಮೂರೂ ಗುರುತು ಬೇಕು. ಮಾರಾಟದ ಮೇಲ್ ಆದರೆ ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಸೌಲಭ್ಯವೂ ಬೇಕು. ಅದಕ್ಕಿಂತ ಕಮ್ಮಿ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಕಡ್ಡಾಯ. ಸ್ಪ್ಯಾಮ್ ಅಂತ ದೂರುವವರ ಪ್ರಮಾಣ 0.3 ಪ್ರತಿಶತ ಮುಟ್ಟಬಾರದು. ಸಾವಿರ ಜನರಲ್ಲಿ ಮೂವರು ದೂರಿದರೆ ಗಡಿ ಮುಟ್ಟಿದಂತೆ.

ಇದರ ಅರ್ಥ ಇಷ್ಟು. ವೇದಿಕೆ ಕೊಳ್ಳುವ ಮೊದಲು ಅಂಗಡಿಯ ಹೆಸರಲ್ಲಿ ಒಂದು ಡೊಮೇನ್ ಕೊಳ್ಳಿ. ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಆಗ್ತದೆ. ಅದು ಮಾಲೀಕರ ಹೆಸರಲ್ಲೇ ನೋಂದಣಿ ಆಗಬೇಕು, ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಅಲ್ಲ. ವೆಬ್‌ಸೈಟ್ ಮಾಡಿದವರು ಬೆಂಗಳೂರಿಗೆ ಹೋಗಿ, ಪಾಸ್‌ವರ್ಡ್ ಅವರ ಜೊತೆಗೇ ಹೋಗಿ, ಅಂಗಡಿಯವರು ಸ್ವಂತ ಹೆಸರನ್ನೇ ಮರಳಿ ಪಡೆಯಲಾಗದೆ ಒದ್ದಾಡುವುದನ್ನು ನಾನು ಕಂಡಿದ್ದೇನೆ. ವೇದಿಕೆಯ ಖಾತೆಯೂ ಅಷ್ಟೇ, ಅಂಗಡಿಯ ವಿಳಾಸದಲ್ಲೇ ತೆರೆಯಿರಿ.

ದರ: ತಲೆ ಎಣಿಕೆಯೋ, ಮೇಲ್ ಎಣಿಕೆಯೋ

ವೇದಿಕೆಗಳು ಎರಡು ಬಗೆಯಲ್ಲಿ ದುಡ್ಡು ಕೇಳ್ತವೆ. ಕೆಲವು ಪಟ್ಟಿಯಲ್ಲಿ ಎಷ್ಟು ವಿಳಾಸ ಇದೆ ಅಂತ ನೋಡಿ ತಿಂಗಳು ತಿಂಗಳು ಬಿಲ್ ಮಾಡ್ತವೆ. ಕೆಲವು ಎಷ್ಟು ಮೇಲ್ ಕಳಿಸಿದಿರಿ ಅಂತ ನೋಡ್ತವೆ. ನಮ್ಮ ಕಡೆಯ ವ್ಯಾಪಾರಕ್ಕೆ ಈ ವ್ಯತ್ಯಾಸ ಸಣ್ಣದಲ್ಲ. ಗಿರಣಿ ಗದ್ದಲ ಇರೋದು ಭತ್ತದ ಕೊಯ್ಲಾದ ಮೇಲಿನ ಕೆಲವು ತಿಂಗಳು. ಎರಡನೇ ಬೆಳೆಗೆ ನಾಲೆಯ ನೀರು ಬಿಡದ ವರ್ಷವಂತೂ ಅರ್ಧ ವರ್ಷ ಸುಮ್ಮನೆ ಕೂರಬೇಕು. ತಲೆ ಎಣಿಸುವ ಕಂಪನಿಗೆ ಆ ಖಾಲಿ ತಿಂಗಳಿನ ಬಾಡಿಗೆಯನ್ನೂ ಕಟ್ಟಬೇಕಾಗ್ತದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ಪಟ್ಟಿಯಲ್ಲಿ 1,200 ಜನ, ತಿಂಗಳಿಗೆ ಎರಡು ಮೇಲ್ ಅಂದರೆ 2,400 ಆಯ್ತು. ವರ್ಷದಲ್ಲಿ ಆರು ತಿಂಗಳು ಮಾತ್ರ ಕಳಿಸಿದರೆ ಒಟ್ಟು 14,400. ಈ ಎರಡು ಅಂಕಿಗಳನ್ನು, 1,200 ಮತ್ತು 14,400ನ್ನು, ಕೈಯಲ್ಲಿಟ್ಟುಕೊಂಡು ಪ್ರತಿ ಕಂಪನಿಯ ವರ್ಷದ ಖರ್ಚು ಹೋಲಿಸಿ. ತಿಂಗಳ ದರ ನೋಡಿ ಮರುಳಾಗಬೇಡಿ.

"ಫ್ರೀ" ಅನ್ನೋದರ ಮೇಲೂ ಕಣ್ಣಿರಲಿ. ಮೇಲ್‌ಚಿಂಪ್‌ನ ಉಚಿತ ಯೋಜನೆಯಲ್ಲಿ ಒಂದು ಕಾಲಕ್ಕೆ 2,000 ವಿಳಾಸಗಳಿಗೆ ಅವಕಾಶ ಇತ್ತು, ಮುಂದೆ ಅದನ್ನು 500ಕ್ಕೆ ಇಳಿಸಿದರು. ಅದೇ ಕಂಪನಿಯ ಒಡೆತನದಲ್ಲಿದ್ದ ಟೈನಿಲೆಟರ್ ಎಂಬ ಉಚಿತ ಸೇವೆ 2024ರ ಫೆಬ್ರವರಿಯಲ್ಲಿ ಮುಚ್ಚಿತು. ಉಚಿತವಾಗಿ ಕೊಟ್ಟವರಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಇರ್ತದೆ.

ವಿದೇಶಿ ಕಂಪನಿಯಾದರೆ ಬಿಲ್ ಡಾಲರ್‌ನಲ್ಲಿ ಬರಬಹುದು. ಅಂತರರಾಷ್ಟ್ರೀಯ ಪಾವತಿಗೆ ಕಾರ್ಡ್ ಚಾಲೂ ಮಾಡಿಸಬೇಕು, ರೂಪಾಯಿ ಬಿದ್ದಂತೆ ಖರ್ಚು ಏರ್ತದೆ. ವಿದೇಶದಿಂದ ಸೇವೆ ಕೊಂಡಾಗ ಜಿಎಸ್‌ಟಿಯನ್ನು ಕೊಂಡವರೇ ಕಟ್ಟುವ ರಿವರ್ಸ್ ಚಾರ್ಜ್ ಪ್ರಶ್ನೆಯೂ ಬರ್ತದೆ. ಸಹಿ ಹಾಕುವ ಮೊದಲು ನಿಮ್ಮ ಲೆಕ್ಕದವರನ್ನು ಕೇಳಿ.

ಕನ್ನಡದ ಪರೀಕ್ಷೆ

ಇದನ್ನು ಇಂಗ್ಲಿಷಿನ ಯಾವ ಹೋಲಿಕೆ ಪಟ್ಟಿಯೂ ಹೇಳಿಕೊಡೋದಿಲ್ಲ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಎಷ್ಟೋ ಕಡತಗಳು ನುಡಿ, ಬರಹದ ಹಳೆಯ ಫಾಂಟಿನಲ್ಲಿವೆ. ಅದನ್ನು ಹಾಗೇ ಅಂಟಿಸಿದರೆ ಗಿರಾಕಿಗೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಇನ್ನೊಂದು, ಸುಮಾರು 102 ಕೆಬಿಗಿಂತ ದೊಡ್ಡ ಮೇಲ್ ಬಂದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ಮರೆಮಾಡ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ ಮೂರು ಬೇಕು, "ಸ್ತ್ರೀ"ಯಂಥ ಒಂದು ಒತ್ತಕ್ಷರದಲ್ಲಿ ಅಂಥ ಆರು ಸಂಕೇತ ಇರ್ತವೆ. ಬಣ್ಣಬಣ್ಣದ ಸಿದ್ಧ ಮಾದರಿಗಳೂ ಸೇರಿದರೆ ಮೇಲ್ ಬೇಗ ದಪ್ಪ ಆಗ್ತದೆ. ಕತ್ತರಿ ಬೀಳೋದು ಕೊನೆಗೆ, ಪಟ್ಟಿಯಿಂದ ಹೊರಬರುವ ಕೊಂಡಿ ಇರೋದೂ ಅಲ್ಲೇ. ಅದು ಕಾಣದಿದ್ದರೆ ಜನ ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಸಾದಾ ಪಠ್ಯದ, ಚಿಕ್ಕ ಮೇಲ್ ಎಲ್ಲಕ್ಕಿಂತ ಉತ್ತಮ.

ಕೊಂಡಿ ಒತ್ತಿದಾಗ ತೆರೆಯುವ ಪುಟವನ್ನು ಕನ್ನಡದಲ್ಲಿ ಬರೆಯಲು ಬಿಡ್ತಾರಾ ಅಂತ ಕಡ್ಡಾಯವಾಗಿ ನೋಡಿ. ಇಂಗ್ಲಿಷ್ ಬಾರದವರಿಗೆ ಇಂಗ್ಲಿಷಿನಲ್ಲಿ ಮಾತ್ರ ತೆರೆಯುವ ಬಾಗಿಲು, ಬಾಗಿಲೇ ಅಲ್ಲ.

ನಾಲ್ಕು ದಾರಿಗಳು

ಜೋಹೋ ಕ್ಯಾಂಪೇನ್ಸ್: ಚೆನ್ನೈ ಮೂಲದ ಕಂಪನಿಯದು. ರೂಪಾಯಿಯಲ್ಲಿ ಪಾವತಿ, ಜಿಎಸ್‌ಟಿ ಬಿಲ್ ಸಿಗೋದರಿಂದ ಲೆಕ್ಕದ ತಲೆನೋವು ಕಮ್ಮಿ. ಮೊದಲ ಸಲ ಶುರು ಮಾಡುವ ಅಂಗಡಿಗೆ ನಾನು ಮೊದಲು ತೋರಿಸೋದು ಇದನ್ನೇ.

ಬ್ರೆವೋ: ಫ್ರಾನ್ಸಿನದು, 2023ರವರೆಗೆ ಸೆಂಡಿನ್‌ಬ್ಲೂ ಅಂತ ಹೆಸರಿತ್ತು. ಮುಖ್ಯವಾಗಿ ಮೇಲ್ ಎಣಿಕೆಯ ದರ. ಉಚಿತ ಯೋಜನೆಯಲ್ಲಿ ದಿನಕ್ಕೆ 300 ಮೇಲ್ ಮಿತಿ ಇರೋದರಿಂದ 1,200 ಜನರ ಪಟ್ಟಿಗೆ ನಾಲ್ಕು ದಿನ ಹಿಡೀತದೆ. ಸೀಸನ್ ವ್ಯಾಪಾರಕ್ಕೆ ಇದರ ಲೆಕ್ಕ ಹೊಂದುತ್ತದೆ.

ಮೇಲ್‌ಚಿಂಪ್: ಅಮೆರಿಕದ್ದು, 2001ರಲ್ಲಿ ಶುರುವಾಗಿ 2021ರಲ್ಲಿ ಇಂಟ್ಯೂಟ್ ಕಂಪನಿಗೆ ಮಾರಾಟವಾಯಿತು. ಸಲಕರಣೆ ಬಹಳ, ಕಲಿಯಲು ವಿಡಿಯೋಗಳೂ ಬಹಳ. ಆದರೆ ತಲೆ ಎಣಿಕೆಯ ದರ. ಪಟ್ಟಿಯಿಂದ ಹೊರಹೋದವರನ್ನೂ ನೀವು ಆರ್ಕೈವ್ ಮಾಡದಿದ್ದರೆ ಎಣಿಕೆಯಲ್ಲಿ ಹಿಡೀತಾರೆ.

ಲಿಸ್ಟ್‌ಮಾಂಕ್: ಬೆಂಗಳೂರಿನ ಜೆರೋಧಾ ಸಂಸ್ಥೆಯ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಕಟ್ಟಿದ ಮುಕ್ತ ತಂತ್ರಾಂಶ. ತಂತ್ರಾಂಶಕ್ಕೆ ದುಡ್ಡಿಲ್ಲ, ಪಟ್ಟಿ ನಿಮ್ಮದೇ ಸರ್ವರ್‌ನಲ್ಲಿ ಇರ್ತದೆ. ಕಳಿಸಲು ಅಮೆಜಾನ್ ಎಸ್‌ಇಎಸ್‌ನಂಥ ಸೇವೆ ಜೋಡಿಸಬೇಕು. ಅದರ ದರ ಸಾವಿರ ಮೇಲ್‌ಗೆ 10 ಸೆಂಟ್, ಅಂದರೆ 2,400 ಮೇಲ್‌ಗೆ ಇಪ್ಪತ್ತು ರೂಪಾಯಿ ಚಿಲ್ಲರೆ. ಸರ್ವರ್ ಬಾಡಿಗೆ ಬೇರೆ. ನೋಡಿಕೊಳ್ಳಲು ತಿಳಿದವರು ಒಬ್ಬರು ಬೇಕೇ ಬೇಕು. ನಾಲ್ಕೈದು ಅಂಗಡಿಯವರು ಸೇರಿ ಒಬ್ಬ ಇಂಜಿನಿಯರಿಂಗ್ ಓದಿದ ಹುಡುಗಿಗೋ ಹುಡುಗನಿಗೋ ಈ ಕೆಲಸ ಕೊಟ್ಟರೆ, ಊರಲ್ಲೇ ಒಂದು ದುಡಿಮೆಯೂ ಆಯ್ತು.

ದರಗಳು ಬದಲಾಗ್ತಾ ಇರ್ತವೆ. ಕೊಳ್ಳುವ ದಿನ ಆಯಾ ಕಂಪನಿಯ ದರಪಟ್ಟಿ ನೋಡಿ.

ಹೊರಬರುವ ಪರೀಕ್ಷೆ

ದುಡ್ಡು ಕಟ್ಟುವ ಮೊದಲು ಒಂದು ತಾಸು ಇದಕ್ಕೆ ಕೊಡಿ. ಉಚಿತ ಖಾತೆ ತೆರೆದು ಮನೆಯವರ, ಗೆಳೆಯರ ಐದು ವಿಳಾಸ ಹಾಕಿ. ಒಂದು ಕನ್ನಡ ಮೇಲ್ ಕಳಿಸಿ. ಅಗ್ಗದ ಫೋನಿನಲ್ಲಿ ಅದು ಹೇಗೆ ಕಾಣ್ತದೆ, ಯಾವ ಡಬ್ಬಿಗೆ ಬೀಳ್ತದೆ ನೋಡಿ. ಒಬ್ಬರಿಗೆ ಪಟ್ಟಿಯಿಂದ ಹೊರಬರಲು ಹೇಳಿ. ಆಮೇಲೆ ಇಡೀ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಳ್ಳಿ. ಹೆಸರು, ವಿಳಾಸ, ಸೇರಿದ ತಾರೀಖು, ಹೊರಹೋದವರ ಗುರುತು ಎಲ್ಲ ಬಂತಾ? ಕನ್ನಡದ ಹೆಸರುಗಳು ಕೆಡದೆ ಬಂದವಾ? ಹೊರಹೋದವರ ಪಟ್ಟಿ ಮುಖ್ಯ. ಹೊಸ ವೇದಿಕೆಗೆ ಹೋದಾಗ ಅದು ಜೊತೆಗೆ ಬರದಿದ್ದರೆ, ಬೇಡ ಅಂದವರಿಗೇ ಮತ್ತೆ ಮೇಲ್ ಹೋಗ್ತದೆ.

ಕಳಿಸಲು ಶುರು ಮಾಡಿದ ಮೇಲೆ "ಇಷ್ಟು ಜನ ತೆರೆದರು" ಎಂಬ ಅಂಕಿಯನ್ನು ಹೆಚ್ಚು ನಂಬಬೇಡಿ. 2021ರಲ್ಲಿ ಆಪಲ್ ತಂದ ಗೋಪ್ಯತೆಯ ಬದಲಾವಣೆಯ ನಂತರ ತೆರೆಯದ ಮೇಲ್ ಕೂಡ ತೆರೆದಂತೆ ಲೆಕ್ಕವಾಗಬಹುದು. ಎಷ್ಟು ಜನ ಉತ್ತರ ಬರೆದರು, ಎಷ್ಟು ಮೂಟೆಗೆ ಆರ್ಡರ್ ಬಂತು, ಅದನ್ನು ಎಣಿಸಿ.

ತಿಂಗಳಿಗೊಮ್ಮೆ, ಒಂದು ಗೊತ್ತಾದ ತಾರೀಖಿಗೆ, ಪಟ್ಟಿಯನ್ನು ಇಳಿಸಿ ಅಂಗಡಿಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಹಾಕಿ ಇಡಿ. ಅದನ್ನು ಅಪ್ಪನಿಗೋ ಅವ್ವನಿಗೋ ಕಲಿಸಿಕೊಡಿ. ಇವತ್ತು ಈ ಕೆಲಸ ಮಾಡಿಕೊಡುವ ನೀವು ನಾಳೆ ಓದಲು, ದುಡಿಯಲು ಬೇರೆ ಊರಿಗೆ ಹೋಗ್ತೀರಿ. ನೀವು ಹೋದ ಮೇಲೂ ಪಟ್ಟಿ ಅಂಗಡಿಯಲ್ಲೇ ಉಳಿಯಬೇಕು.